ಹನ್ನೊಂದನೆಯ ಹಾಡು

ನಾನು ಇಂಗ್ಲಿಷ್ ಹಾಡು ಕೇಳಿ ಬೆಳೆದವಳಲ್ಲ. ನಮ್ಮದು ಸಾಗರದ ಕಡೆ. ಮನೆಯಲ್ಲಿ ಭಾವಗೀತೆ, ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ನು, ಅಪರೂಪಕ್ಕೊಂದು ಹಿಂದಿ ಚಿತ್ರಗೀತೆ, ಅಷ್ಟೇ. ಬಿಕಾಂ ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆದು 1993ರ ಮಳೆಗಾಲದಲ್ಲಿ ಮುಂಬೈಗೆ ಬಂದೆ. ಆಗಿನ್ನೂ ಅದು ಬಾಂಬೆ. ಮಾಟುಂಗಾ ಹತ್ತಿರ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು. ರೂಮ್‌ಮೇಟ್ ಶಿಲ್ಲಾಂಗಿನ ಹುಡುಗಿ, ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯುತ್ತಿದ್ದಳು. ಅವಳ ಹತ್ತಿರ ಒಂದು ಟೂ-ಇನ್-ಒನ್ನು, ಇಪ್ಪತ್ತೋ ಮೂವತ್ತೋ ಕ್ಯಾಸೆಟ್ಟು. ರಾತ್ರಿ ಊಟ ಆದಮೇಲೆ ಒಂದೇ ಕ್ಯಾಸೆಟ್ಟು ಮತ್ತೆ ಮತ್ತೆ ಹಾಕುತ್ತಿದ್ದಳು. ಒಬ್ಬ ಹೆಂಗಸು, ಒಂದು ಪಿಯಾನೋ.

ಅದರ ಹೆಸರೇನು ಅಂತ ನಾನು ಕೇಳಿದ್ದು ಆ ಅಕ್ಟೋಬರಿನಲ್ಲಿ. ‘ಲಿಟ್ಲ್ ಅರ್ತ್‌ಕ್ವೇಕ್ಸ್’ ಅಂದಳು. ಪುಟ್ಟ ಪುಟ್ಟ ಭೂಕಂಪಗಳು! ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು-ಕಿಲ್ಲಾರಿಯಲ್ಲಿ ಭೂಮಿ ನಡುಗಿ ಹತ್ತು ಸಾವಿರದಷ್ಟು ಜನ ಸತ್ತು ಒಂದು ತಿಂಗಳೂ ಆಗಿರಲಿಲ್ಲ. ನಮ್ಮ ಕೌಂಟರಿನಲ್ಲಿ ದಿನಾ ಪರಿಹಾರ ನಿಧಿಯ ಚೆಕ್ಕುಗಳು. ಇಂಥ ಹೆಸರೂ ಇಡುತ್ತಾರಾ ಅಂತ ನನಗೆ ಸಿಟ್ಟೇ ಬಂತು. ಅವಳು ನಕ್ಕು, ಇದು ಮನೆ ಬೀಳುವ ಭೂಕಂಪ ಅಲ್ಲ ಅಂದಳು.

ಹಾಡಿದವಳು ಟೋರಿ ಏಮಸ್. ಆಕೆಯ ಕಥೆ ನನಗೆ ಪೂರ್ತಿ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ, ಕೂತು ಓದಿ. ನಿಮ್ಮಲ್ಲಿ ಹಲವರಿಗೆ ಹೊಸದಿರಬಹುದು, ಹೇಳುತ್ತೇನೆ.

1963ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಹುಟ್ಟಿದಳು, ಇಟ್ಟ ಹೆಸರು ಮೈರಾ ಎಲೆನ್. ಅಪ್ಪ ಮೆಥಡಿಸ್ಟ್ ಚರ್ಚಿನ ಪಾದ್ರಿ. ಐದನೇ ವಯಸ್ಸಿಗೇ ಬಾಲ್ಟಿಮೋರಿನ ಪೀಬಾಡಿ ಸಂಗೀತ ಶಾಲೆಗೆ ಸ್ಕಾಲರ್‌ಶಿಪ್ ಮೇಲೆ ಸೇರಿದಳು. ಹನ್ನೊಂದಕ್ಕೆ ಅದು ಕೈಬಿಟ್ಟಿತು. ಪುಸ್ತಕ ನೋಡಿ ನುಡಿಸುವುದಕ್ಕಿಂತ ಕಿವಿಯಲ್ಲಿ ಕೇಳಿ ನುಡಿಸುವುದು, ಅದರಲ್ಲೂ ರಾಕ್ ಸಂಗೀತ, ಇದೇ ಹುಚ್ಚು. ಹದಿಮೂರಕ್ಕೆ ವಾಷಿಂಗ್ಟನ್ನಿನ ಬಾರುಗಳಲ್ಲಿ ಪಿಯಾನೋ ನುಡಿಸೋಕೆ ಶುರು ಮಾಡಿದಳು. ಹುಡುಗಿಯ ಕಾವಲಿಗೆ ಯಾರು ಗೊತ್ತಾ? ಅದೇ ಪಾದ್ರಿ ಅಪ್ಪ! ಮೊದಲು ಅವಕಾಶ ಕೊಟ್ಟಿದ್ದು ಜಾರ್ಜ್‌ಟೌನಿನ ಒಂದು ಗೇ ಬಾರು. ಪಾದ್ರಿಗಳು ಅಲ್ಲಿ ಕೂತು ಮಗಳ ಪಿಯಾನೋ ಕೇಳುತ್ತಿದ್ದರಂತೆ. ಈ ಆಲ್ಬಮ್ಮಿನಲ್ಲಿ ಅಪ್ಪ-ಮಗಳ ಬಗ್ಗೆ ‘ವಿಂಟರ್’ ಅನ್ನೋ ಹಾಡಿದೆ. ಅದನ್ನು ಕೇಳುವಾಗೆಲ್ಲ ನನಗೆ ಆ ಬಾರಿನ ಮೂಲೆಯ ಕುರ್ಚಿಯೇ ಕಣ್ಣಿಗೆ ಬರುತ್ತೆ.

ಮುಂದೆ ಲಾಸ್ ಏಂಜಲೀಸ್, ಅಟ್ಲಾಂಟಿಕ್ ರೆಕಾರ್ಡ್ಸ್ ಜೊತೆ ಆರು ಆಲ್ಬಮ್ಮಿನ ಕರಾರು. 1988ರಲ್ಲಿ ಮೊದಲನೆಯದು ಬಂತು, ‘ವೈ ಕಾಂಟ್ ಟೋರಿ ರೀಡ್’. ಕೂದಲು ಆಕಾಶಕ್ಕೆ, ಕೈಯಲ್ಲಿ ಕತ್ತಿ, ಆ ಕಾಲದ ರಾಕ್ ಬ್ಯಾಂಡುಗಳ ವೇಷ. ನೆಲಕಚ್ಚಿತು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪೂರ್ತಿ ಎನ್‌ಪಿಎ. (ಅದನ್ನು ಮತ್ತೆ ಹೊರತಂದಿದ್ದು 2017ರಲ್ಲಿ. ಅಲ್ಲಿಯವರೆಗೆ ಅಭಿಮಾನಿಗಳು ಹಳೇ ಪ್ರತಿಗಳನ್ನು ದುಡ್ಡು ಸುರಿದು ಕೊಂಡರು. ರೈಟ್-ಆಫ್ ಆದ ಸಾಲ ಬಡ್ಡಿ ಸಮೇತ ವಾಪಸ್ ಬಂದ ಹಾಗೆ!)

ಸೋತಮೇಲೆ ಆಕೆ ವೇಷ ಬಿಚ್ಚಿಟ್ಟು ಪಿಯಾನೋ ಮುಂದೆ ಕೂತಳು. ತನ್ನದೇ ಬದುಕನ್ನು ಬರೆಯತೊಡಗಿದಳು: ಚರ್ಚು, ಅಪ್ಪ, ಬಾಯಿ ಮುಚ್ಚಿಕೊಂಡು ಕಳೆದ ವರ್ಷಗಳು. ಮೊದಲು ಒಪ್ಪಿಸಿದ ಧ್ವನಿಮುದ್ರಣ ಕಂಪನಿಗೆ ಹಿಡಿಸಲಿಲ್ಲ. ಪಿಯಾನೋ ತೆಗೆದು ಗಿಟಾರ್ ಹಾಕೋಣ ಅನ್ನೋ ಮಾತೂ ಬಂತು. ಆಕೆ ಬಗ್ಗಲಿಲ್ಲ. ಎರಿಕ್ ರಾಸ್ ಜೊತೆ ಮನೆಯಲ್ಲೇ ಇನ್ನಷ್ಟು ಹಾಡು ಮುದ್ರಿಸಿಕೊಟ್ಟಳು. ಇಂಗ್ಲೆಂಡಿನವರಿಗೆ ಇದು ರುಚಿಸಬಹುದು ಅಂತ ಕಂಪನಿ ಆಕೆಯನ್ನು ಲಂಡನ್ನಿಗೆ ಕಳಿಸಿತು. ನಮ್ಮಲ್ಲಿ ಬೇಡದ ಆಫೀಸರನ್ನು ದೂರದ ಬ್ರಾಂಚಿಗೆ ಹಾಕುವುದಿಲ್ಲವೇ, ಹಾಗೆ ಅಂತ ನಾನು ಅಂದುಕೊಂಡೆ. ಆದರೆ ಅದೇ ಒಳ್ಳೆಯದಾಯಿತು. ‘ಸೈಲೆಂಟ್ ಆಲ್ ದೀಸ್ ಇಯರ್ಸ್’ ಹಾಡನ್ನು ಆಕೆ ಮೊದಲು ಬರೆದದ್ದು ಗಾಯಕ ಅಲ್ ಸ್ಟುವರ್ಟ್‌ಗಾಗಿ. ಇದು ನಿನ್ನದೇ ಹಾಡು, ಕೊಡಬೇಡ ಅಂತ ರಾಸ್ ತಡೆದರಂತೆ. ತಡೆಯದಿದ್ದರೆ?

1992ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ, ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಆಲ್ಬಮ್ ಬಂತು. ಎಲ್ಲೆಲ್ಲೂ ನಿರ್ವಾಣ ಬ್ಯಾಂಡಿನ ಗಿಟಾರಿನ ಅಬ್ಬರ ಇದ್ದ ಕಾಲ ಅದು. ಇಂಗ್ಲೆಂಡಿನ ಪಟ್ಟಿಯಲ್ಲಿ 14ನೇ ಸ್ಥಾನ, ಅಮೆರಿಕದಲ್ಲಿ 54. ದೊಡ್ಡ ಗೆಲುವೇನಲ್ಲ. ಆದರೂ ವರ್ಷಗಳು ಉರುಳಿದ ಹಾಗೆ ಅಮೆರಿಕದಲ್ಲೇ 20 ಲಕ್ಷ ಪ್ರತಿಗಳ ಪ್ರಮಾಣಪತ್ರ ಸಿಕ್ಕಿತು. ಫಿಕ್ಸೆಡ್ ಡೆಪಾಸಿಟ್ ಅಲ್ಲ ಇದು, ರೆಕರಿಂಗ್. ಒಬ್ಬರು ಕೇಳಿ ಇನ್ನೊಬ್ಬರ ಕೈಗೆ ಕೊಟ್ಟು ಬೆಳೆದದ್ದು.

ಎಲ್ಲ ಹಾಡೂ ಒಂದೇ ತೂಕದವು ಅಂತ ನಾನು ಹೇಳೋದಿಲ್ಲ. ‘ಹ್ಯಾಪಿ ಫ್ಯಾಂಟಮ್’ ಬಂದರೆ ಈಗಲೂ ಮುಂದಕ್ಕೆ ಓಡಿಸುತ್ತೇನೆ. ‘ಮದರ್’ ಏಳು ನಿಮಿಷ, ಸ್ವಲ್ಪ ಎಳೆದರು ಅನ್ನಿಸುತ್ತೆ. ಆದರೆ ಹನ್ನೊಂದನೆಯ ಹಾಡು ಇದೆಯಲ್ಲ...

ಮೊದಲ ಸಲ ಅದನ್ನು ಗಮನಿಸಿ ಕೇಳಿದಾಗ ಟೇಪು ಕೆಟ್ಟಿದೆ ಅಂದುಕೊಂಡೆ. ಪಿಯಾನೋ ಇಲ್ಲ, ಯಾವ ವಾದ್ಯವೂ ಇಲ್ಲ. ಬರೀ ಗಂಟಲು. ಶಿಲ್ಲಾಂಗಿನವಳು ಕಿಟಕಿ ಹತ್ತಿರ ನಿಂತಿದ್ದಳು. “ಇದರಲ್ಲಿ ಮ್ಯೂಸಿಕ್ ಇಲ್ಲ” ಅಂತಷ್ಟೇ ಅಂದಳು. ಆಮೇಲೆ ನೋಡಿದೆ, ಪ್ರತಿ ಸಲ ಆ ಹಾಡು ಬಂದಾಗ ಕಿಟಕಿಗೆ ಹೋಗುತ್ತಿದ್ದಳು. ಮುಗಿದ ಮೇಲೆ ಬಂದು ಮಲಗುತ್ತಿದ್ದಳು. ನನ್ನ ಇಂಗ್ಲಿಷು ಲೆಡ್ಜರಿನ ಇಂಗ್ಲಿಷು, ಹಾಡಿನ ಉಚ್ಚಾರ ತಲೆಗೆ ಹೋಗುತ್ತಿರಲಿಲ್ಲ. 1995ರಲ್ಲಿ ಅವಳು ಕೆಲಸ ಬಿಟ್ಟು ಹೋದಳು. ಹೋಗುವಾಗ ಆ ಕ್ಯಾಸೆಟ್ಟು ನನಗೆ ಕೊಟ್ಟಳು. ಯಾರದೋ ಪ್ರತಿಯಿಂದ ತುಂಬಿಸಿಕೊಂಡ ಅರವತ್ತು ನಿಮಿಷದ ಕ್ಯಾಸೆಟ್ಟು, ಕೊನೆಯ ಹಾಡು ಪೂರ್ತಿ ಹಿಡಿಸಿರಲಿಲ್ಲ, ನಡುವೆ ಕಟ್ ಆಗುತ್ತಿತ್ತು. ಒಳಗಿನ ಕಾರ್ಡಿನಲ್ಲಿ ಅವಳ ಕೈಬರಹದಲ್ಲಿ ಹನ್ನೆರಡು ಹಾಡಿನ ಪಟ್ಟಿ. ಹನ್ನೊಂದರ ಮುಂದೆ ಮಾತ್ರ ಹೆಸರಿಲ್ಲ, ಒಂದು ಗೆರೆ.

ಆ ಹೆಸರು ‘ಮಿ ಅಂಡ್ ಎ ಗನ್’ ಅಂತ ನಾನು ತಿಳಿದದ್ದು ಸುಮಾರು ಹತ್ತು ವರ್ಷ ಆದಮೇಲೆ, ಮನೆಗೆ ಇಂಟರ್ನೆಟ್ ಬಂದಾಗ. ಹಾಡಿನ ಸಾಹಿತ್ಯ ಓದಿದೆ. ಇಪ್ಪತ್ತರ ಆಸುಪಾಸಿನಲ್ಲಿ, ಲಾಸ್ ಏಂಜಲೀಸಿನಲ್ಲಿ ಒಂದು ರಾತ್ರಿ ಹಾಡಿ ಮುಗಿಸಿ, ಪರಿಚಯದವನೊಬ್ಬನಿಗೆ ಕಾರಿನಲ್ಲಿ ಲಿಫ್ಟ್ ಕೊಟ್ಟಾಗ ಆಕೆಯ ಮೇಲೆ ಅತ್ಯಾಚಾರವಾಗಿತ್ತು. ವರ್ಷಗಟ್ಟಲೆ ಆ ಬಗ್ಗೆ ಮಾತಾಡಿರಲಿಲ್ಲ. 1991ರಲ್ಲಿ ‘ಥೆಲ್ಮಾ ಅಂಡ್ ಲೂಯಿಸ್’ ಸಿನಿಮಾ ನೋಡಿ ಬಂದಮೇಲೆ ಈ ಹಾಡು ಬರೆದಳು. ಆ ಅಕ್ಟೋಬರಿನಲ್ಲೇ ಇಂಗ್ಲೆಂಡಿನಲ್ಲಿ ಬಿಡುಗಡೆಯೂ ಆಯಿತು.

ನಾನು ಈ ಬರಹ ಬರೆಯಲು ಕೂತಿದ್ದು ಆಮೇಲೆ ಆದ ಸಂಗತಿಗಾಗಿ. ಆಕೆ ಒಬ್ಬಳೇ ಪಿಯಾನೋ ಇಟ್ಟುಕೊಂಡು ಊರೂರು ತಿರುಗಿ ಇದನ್ನು ಹಾಡಿದಳು. ಕೇಳಿದವರು ಕಛೇರಿ ಮುಗಿದ ಮೇಲೆ ಬಾಗಿಲ ಹತ್ತಿರ ಕಾದು ನಿಂತರು, ಕಾಗದ ಬರೆದರು. ಹೊಗಳಲಿಕ್ಕಲ್ಲ. ತಮಗೂ ಹೀಗಾಗಿದೆ, ಯಾರಿಗೂ ಹೇಳಿಲ್ಲ ಅನ್ನಲಿಕ್ಕೆ. ಅಷ್ಟೊಂದು ಜನಕ್ಕೆ ಒಬ್ಬ ಹಾಡುಗಾರ್ತಿ ಏನು ಉತ್ತರ ಕೊಟ್ಟಾಳು? 1994ರಲ್ಲಿ ಅಮೆರಿಕದಲ್ಲಿ ರೇನ್ ಅನ್ನೋ ಸಂಸ್ಥೆ ಹುಟ್ಟಿತು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಇಡೀ ದೇಶಕ್ಕೊಂದು ಉಚಿತ ಟೆಲಿಫೋನ್ ಸಹಾಯವಾಣಿ. ಸ್ಥಾಪಕರು ಸ್ಕಾಟ್ ಬರ್ಕೋವಿಟ್ಜ್, ಮೊದಲ ವಕ್ತಾರೆ ಟೋರಿ ಏಮಸ್. 1997ರಲ್ಲಿ ‘ಸೈಲೆಂಟ್ ಆಲ್ ದೀಸ್ ಇಯರ್ಸ್’ ಮತ್ತೆ ಬಿಡುಗಡೆಯಾದದ್ದೂ ಈ ಸಹಾಯವಾಣಿಗಾಗಿಯೇ. ಇಲ್ಲಿಯವರೆಗೆ 40 ಲಕ್ಷಕ್ಕೂ ಹೆಚ್ಚು ಜನಕ್ಕೆ ನೆರವಾಗಿದ್ದೇವೆ ಅಂತ ಆ ಸಂಸ್ಥೆ ಹೇಳುತ್ತದೆ. ಹಾಡು ಕೇಳಿದವರ ಪ್ರೀತಿ ಇಷ್ಟು ವರ್ಷ ಏಕೆ ಉಳಿಯಿತು ಅಂದರೆ ನನಗೆ ಕಾಣುವ ಕಾರಣ ಇದೇ. ಅವರು ಆಲ್ಬಮ್ಮನ್ನು ಕೇಳಿದ್ದು ಎಷ್ಟೋ, ಅದರ ಮುಂದೆ ಹೇಳಿಕೊಂಡದ್ದೂ ಅಷ್ಟೇ.

1992 ನಮ್ಮ ದೇಶದಲ್ಲೂ ನೆನಪಿಡುವ ವರ್ಷ. ಆ ಸೆಪ್ಟೆಂಬರಿನಲ್ಲೇ ರಾಜಸ್ಥಾನದ ಭಂವರಿದೇವಿಯ ಮೇಲೆ ಅತ್ಯಾಚಾರ ನಡೆದದ್ದು. ಆಕೆ ಸುಮ್ಮನಿರಲಿಲ್ಲ, ದೂರು ಕೊಟ್ಟಳು. ಅದರ ಬೆನ್ನಿಗೆ 1997ರ ವಿಶಾಖಾ ತೀರ್ಪು, 2013ರ ಕಾಯಿದೆ. ಆ ಕಾಯಿದೆಯ ಪ್ರಕಾರ ಮಾಡಿದ ಸಮಿತಿಯಲ್ಲಿ ನಾನೂ ಕೆಲವು ವರ್ಷ ಕೂತಿದ್ದೇನೆ. ಅಲ್ಲಿಯ ಮಾತು ಹೊರಗೆ ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಇಷ್ಟು ಹೇಳಬಹುದು: ಬಂದವರು ಮೊದಲು ಬೇರೇನೋ ಮಾತಾಡುತ್ತಾರೆ. ರಜೆ, ಟ್ರಾನ್ಸ್‌ಫರ್, ಅಮ್ಮನ ಮಂಡಿನೋವು. ನಾನು ಪೆನ್ನು ಕೆಳಗಿಟ್ಟು ಕೂರುತ್ತಿದ್ದೆ.

2022ರಲ್ಲಿ ಆಲ್ಬಮ್ಮಿಗೆ ಮೂವತ್ತು ವರ್ಷ ತುಂಬಿತು. ಅದರ ಹಾಡುಗಳನ್ನು ಹಿಡಿದು ಹೆಣೆದ ಒಂದು ಚಿತ್ರಕಥೆಯ ಪುಸ್ತಕವೂ ಬಂತು. ಮಗಳು ಅದನ್ನು ತನ್ನ ಕಂಪ್ಯೂಟರಿನಲ್ಲಿ ತೋರಿಸಿ, “ಅಮ್ಮ, ನಿನ್ನ ಕ್ಯಾಸೆಟ್ ಇದೇ ಅಲ್ವಾ?” ಅಂದಳು. ಕ್ಯಾಸೆಟ್ಟು ಮುಂಬೈ ಮಳೆಗೆ ಬೂಷ್ಟು ಹಿಡಿದು ಎಂದೋ ಹೋಯಿತು, ಕಾರ್ಡು ಮಾತ್ರ ಇದೆ. ತೆಗೆದು ತೋರಿಸಿದೆ. ಹನ್ನೊಂದರ ಮುಂದಿನ ಗೆರೆ ನೋಡಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನೀನು ಅವಳನ್ನ ಏನೂ ಕೇಳ್ಲಿಲ್ವಾ?”

ಎರಡು ವರ್ಷ ಒಂದೇ ರೂಮಿನಲ್ಲಿದ್ದೆವು. ಕೇಳಲಿಲ್ಲ ಅಂದೆ.