ನಿಗದಿತ ವೇಳೆಗೆ ಗಣಕದ ಆಜ್ಞೆ: ಆ್ಯಟ್, ಕ್ರಾನ್, ಅನಕ್ರಾನ್

ಯುನಿಕ್ಸ್ ಮಾದರಿಯ ಗಣಕಗಳಲ್ಲಿ ಆಜ್ಞೆಯೊಂದನ್ನು ಈಗ ಬರೆದಿಟ್ಟು ಮುಂದೊಂದು ವೇಳೆಯಲ್ಲಿ ನಡೆಸುವ ವ್ಯವಸ್ಥೆ ಹಳೆಯದು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ‘ಆ್ಯಟ್’ ಮತ್ತು ‘ಕ್ರಾನ್’ ಎರಡೂ ಇದ್ದವು.

ಒಮ್ಮೆ ಮಾತ್ರ ಆಗಬೇಕಾದ ಕೆಲಸಕ್ಕೆ ಆ್ಯಟ್. ಅದರ ಮುಂದೆ 23:00 ಎಂದು ವೇಳೆ ಸೂಚಿಸಿ, ಮುಂದಿನ ಸಾಲಿನಲ್ಲಿ ಆಜ್ಞೆ ಕೊಟ್ಟು, ಕಂಟ್ರೋಲ್-ಡಿ ಒತ್ತಿದರೆ ಸಾಕು. ಸರದಿ ನೋಡಲು ‘ಆ್ಯಟ್‌ಕ್ಯೂ’, ರದ್ದುಪಡಿಸಲು ‘ಆ್ಯಟ್‌ಆರ್‌ಎಂ’. ನಿತ್ಯದ ಕೆಲಸ ಕ್ರಾನ್‌ನದು: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ ಎಂಬ ಐದು ಅಂಕಣಗಳು, ಅನಂತರ ಆಜ್ಞೆ.

ಕಾರವಾರ, ಅಂಕೋಲಾದ ಓದುಗರು ಗಮನಿಸಬೇಕಾದುದು ಬೇರೊಂದಿದೆ. ಮಳೆಗಾಲದ ಗಾಳಿಗೆ ಮರ ಬಿದ್ದು ರಾತ್ರಿ ವಿದ್ಯುತ್ ಹೋಯಿತೆನ್ನಿ. ಎರಡು ಗಂಟೆಗೆ ಆಗಬೇಕಿದ್ದ ಕಡತಗಳ ನಕಲು ಆಗುವುದಿಲ್ಲ. ಗಣಕ ಮತ್ತೆ ಎದ್ದರೂ ಕ್ರಾನ್ ಅದನ್ನು ನೆನಪಿಸಿಕೊಳ್ಳದು, ದೂರನ್ನೂ ಹೇಳದು. (ಈ ಲೇಖಕನಿಗೆ ಇದು ತಿಳಿದದ್ದು ಡಿಸ್ಕ್ ಕೆಟ್ಟ ಮೇಲೆ.) ಆ್ಯಟ್ ಹಾಗಲ್ಲ, ಯಂತ್ರ ಚಾಲೂ ಆದೊಡನೆ ಬಾಕಿ ಕೆಲಸಕ್ಕೆ ಕೈಹಾಕುತ್ತದೆ, ಅಂದರೆ ರಾತ್ರಿಗೆಂದು ಇಟ್ಟದ್ದು ಕಚೇರಿಯ ಗಡಿಬಿಡಿಯ ನಡುವೆ ನಡೆದೀತು. ಇಂತಹ ಊರುಗಳಿಗೆ ಒಪ್ಪುವುದು ‘ಅನಕ್ರಾನ್’. ಕೆಲಸ ಕೊನೆಯ ಬಾರಿ ನಡೆದ ದಿನಾಂಕವನ್ನು ಅದು ಬರೆದಿಟ್ಟುಕೊಂಡು, ಅವಧಿ ಮೀರಿದ್ದರೆ ತುಸು ತಡೆದು ಪೂರೈಸುತ್ತದೆ. ಅದರ ಲೆಕ್ಕ ಮಾತ್ರ ದಿನಗಳದ್ದು, ಗಂಟೆಗಳದ್ದಲ್ಲ. ಹೊಸ ಲಿನಕ್ಸ್‌ಗಳಲ್ಲಿ ಸಿಸ್ಟಮ್‌ಡಿ ಟೈಮರ್‌ಗೆ ‘ಪರ್ಸಿಸ್ಟೆಂಟ್’ ಆಯ್ಕೆ ಕೊಟ್ಟರೂ ಇದೇ ಫಲ.

ಬಾಡಿಗೆಯ ಸರ್ವರ್ ಬಳಸುವವರು ಅದರ ಗಡಿಯಾರವನ್ನೂ ನೋಡಿಕೊಳ್ಳಬೇಕು. ಬಹಳಷ್ಟು ಸರ್ವರ್‌ಗಳು ಯುಟಿಸಿಯಲ್ಲಿರುತ್ತವೆ; ನಮ್ಮ ರಾತ್ರಿ 2 ಗಂಟೆ ಅಲ್ಲಿ ಹಿಂದಿನ ದಿನದ 20:30.