ಮಣ್ಣಿಲ್ಲದ ಬೇಸಾಯದ ಮಾತುಗಳು ಬಂದ ದಾರಿ



ಮೂಡುಬಿದಿರೆಯ ಕಡೆ ಕೆರೆಗಳು ಹೆಚ್ಚು. ಕೆರೆಯ ದಡದಲ್ಲಿ ನಿಂತು ಅಂತರಗಂಗೆಯ ಒಂದು ಗಿಡವನ್ನು ಎತ್ತಿ ನೋಡಿ. ಬೇರು ಗೊಂಚಲಾಗಿ ನೀರಿಗೆ ಇಳಿಬಿದ್ದಿರುತ್ತದೆ. ಮಣ್ಣಿನ ಸೋಂಕೇ ಅದಕ್ಕಿಲ್ಲ, ಆದರೂ ಎಲೆ ಹಸಿರು. ಕೊಳಚೆ ನೀರು ಬಂದು ಸೇರುವ ಮೂಲೆಯಲ್ಲಂತೂ ಕಾಲಿಡಲು ಜಾಗವಿಲ್ಲದ ಹಾಗೆ ಹಬ್ಬಿರುತ್ತದೆ. ಇದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಆದರೆ ಈ ಗಿಡ ಏನು ತಿಂದು ಬದುಕುತ್ತದೆ ಅಂತ ಕೇಳಿ, ಉತ್ತರ ಸಿಗುವ ತನಕ ಬಿಡದೆ ಬೆನ್ನು ಹತ್ತಿದವರು ಕೆಲವರೇ. ಅವರ ಆ ಹಟದಿಂದ ಹುಟ್ಟಿದ್ದೇ ಹೈಡ್ರೋಪೋನಿಕ್ಸ್, ಅಂದರೆ ಮಣ್ಣಿಲ್ಲದ ಬೇಸಾಯ.

ಈಗ ಬಂಟ್ವಾಳ, ಬೆಳ್ತಂಗಡಿಯ ಮನೆಗಳಲ್ಲಿಯೂ ಈ ಹೆಸರು ಕೇಳಿಬರುವುದುಂಟು. "ಅಪ್ಪಾ, ಅಂಗಳದ ಬದಿಯಲ್ಲಿ ಪೈಪು ಇಟ್ಟು ಸೊಪ್ಪು ಬೆಳೆಸುವ" ಎಂದು ಓದಿದ ಮಕ್ಕಳು ಹೇಳುತ್ತಾರೆ. ಸಾಮಾನು ಮಾರಲು ಬಂದವನು ಪಿಎಚ್, ಇಸಿ, ಪಿಪಿಎಂ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಅರ್ಥವಾಗದೆ ತಲೆಯಾಡಿಸಿದರೆ ಹೋಗುವುದು ನಮ್ಮ ದುಡ್ಡು. ಈ ಮಾತುಗಳು ಎಲ್ಲಿಂದ ಬಂದವೆಂದು ತಿಳಿದರೆ ಹೆದರಿಕೆ ಅರ್ಧ ಕಳೆಯುತ್ತದೆ. ಇವುಗಳಲ್ಲಿ ಹಲವನ್ನು ಹೆಸರು ಗೊತ್ತಿಲ್ಲದೆಯೇ ನೀವು ಬಳಸುತ್ತಿದ್ದೀರಿ.

ಬೆಲ್ಜಿಯಂ ದೇಶದ ಫಾನ್ ಹೆಲ್ಮಾಂಟ್ ಎಂಬಾತ ಸುಮಾರು ನಾನೂರು ವರ್ಷದ ಹಿಂದೆ ಒಣಗಿಸಿದ 200 ರಾತಲು ಮಣ್ಣನ್ನು ತೂಕಮಾಡಿ ತೊಟ್ಟಿಗೆ ತುಂಬಿ, ಅದರಲ್ಲಿ 5 ರಾತಲಿನ ಒಂದು ವಿಲ್ಲೋ ಗಿಡ ನೆಟ್ಟನು. ಐದು ವರ್ಷ ನೀರನ್ನು ಮಾತ್ರ ಎರೆದನು. ಆಮೇಲೆ ಕಿತ್ತು ತೂಗಿದರೆ ಮರ 169 ರಾತಲು, ಮಣ್ಣಿನಲ್ಲಿ ಕಡಿಮೆಯಾದದ್ದು ಎರಡೇ ಔನ್ಸು! ಮರವೆಲ್ಲ ನೀರಿನಿಂದಲೇ ಆಯಿತೆಂದು ಆತ ತೀರ್ಮಾನಿಸಿದನು. ಆತ ಸತ್ತ ಮೇಲೆ, 1648ರಲ್ಲಿ ಇದು ಅಚ್ಚಾಯಿತು. ತೂಕ ಸರಿ, ತೀರ್ಮಾನ ತಪ್ಪು. ಮರದ ಬಹುಪಾಲು ಗಾಳಿಯಿಂದಲೂ ಬರುತ್ತದೆ ಎಂಬುದು ಆತನಿಗೆ ಹೊಳೆಯಲಿಲ್ಲ. ಲೆಕ್ಕಕ್ಕಿಲ್ಲವೆಂದು ಬಿಟ್ಟ ಆ ಎರಡು ಔನ್ಸಿನಲ್ಲಿಯೇ ಇಂದಿನ ನಮ್ಮ ವಿಷಯವೆಲ್ಲ ಅಡಗಿದೆ.

1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಪುದೀನದ ಜಾತಿಯ ಗಿಡಗಳನ್ನು ಮಳೆನೀರು, ಥೇಮ್ಸ್ ಹೊಳೆಯ ನೀರು, ತೋಟದ ಮಣ್ಣು ಕದಡಿದ ನೀರು ಹೀಗೆ ಬೇರೆಬೇರೆಯಾಗಿ ಇಟ್ಟು ನೋಡಿದನು. ಮಳೆನೀರಿನದ್ದು ಸೊರಗಿತು, ಮಣ್ಣು ಕದಡಿದ ನೀರಿನದ್ದು ಚೆನ್ನಾಗಿ ಬೆಳೆಯಿತು. ನಮ್ಮ ಕೆರೆಯ ಅಂತರಗಂಗೆ ಹೇಳುವುದೂ ಇದನ್ನೇ. ನೀರಿನಲ್ಲಿ ಕರಗಿದ್ದೇನೋ ಒಂದು ಗಿಡಕ್ಕೆ ಆಹಾರ. ಅದು ಏನೆಂದು ಬಿಡಿಸಿ ತೋರಿಸಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. 1860ರ ಸುಮಾರಿಗೆ ಜರ್ಮನಿಯ ಸಾಕ್ಸ್ ಮತ್ತು ಕ್ನೋಪ್ ಎಂಬಿಬ್ಬರು ಗೊತ್ತಾದ ಲವಣಗಳನ್ನು ಗೊತ್ತಾದ ಅಳತೆಯಲ್ಲಿ ನೀರಿಗೆ ಹಾಕಿ, ಮಣ್ಣೇ ಇಲ್ಲದೆ ಗಿಡ ಬೆಳೆಸಿ ತೋರಿಸಿದರು. ಇದೇ ಪೋಷಕ ದ್ರಾವಣ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣದ ಅಂಶ, ಮೆಗ್ನೀಸಿಯಂ, ಗಂಧಕ, ಚೂರು ಕಬ್ಬಿಣ, ಇಷ್ಟಿದ್ದರೆ ಸಾಕೆಂದು ಅಂದು ನಂಬಿದ್ದರು.

ಇಲ್ಲೊಂದು ತಮಾಷೆ ಉಂಟು. ಆ ಕಾಲದ ಲವಣಗಳು ಅಷ್ಟು ಶುದ್ಧವಾಗಿರಲಿಲ್ಲ. ಅವುಗಳಲ್ಲಿ ಬೆರೆತಿದ್ದ ಕಲ್ಮಶವೇ ಗಿಡವನ್ನು ಕಾಪಾಡುತ್ತಿತ್ತು! ಲವಣಗಳು ಶುದ್ಧವಾದಂತೆ ಗಿಡಗಳು ಕಾಯಿಲೆ ಬೀಳತೊಡಗಿದವು. ಹಾಗೆ ಹುಡುಕಿದಾಗಲೇ ಸೂಕ್ಷ್ಮ ಪೋಷಕಗಳು ಒಂದೊಂದಾಗಿ ಬೆಳಕಿಗೆ ಬಂದದ್ದು. ಬೋರಾನ್ ಬೇಕೇ ಬೇಕೆಂದು 1923ರಲ್ಲಿ ಇಂಗ್ಲೆಂಡಿನ ಕ್ಯಾಥರೀನ್ ವಾರಿಂಗ್‌ಟನ್ ತೋರಿಸಿದರು. ಮಾಲಿಬ್ಡಿನಂ ಗೊತ್ತಾಗಲು 1939 ಆಗಬೇಕಾಯಿತು.

ದ್ರಾವಣ ಎಂಬ ಮಾತಿಗೆ ಅಡಿಕೆ ತೋಟದವರು ಬೆಚ್ಚಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುವವರಲ್ಲವೆ ನಾವು? 1885ರ ವೇಳೆಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಬೋರ್ಡೋ ದ್ರಾವಣವನ್ನು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೋಲ್‌ಮನ್ ಸಾಹೇಬರು ಅಡಿಕೆಗೆ ತಂದರು. ನಮ್ಮ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾದದ್ದು 1956ರಲ್ಲಿ. ಅದಕ್ಕಿಂತ ಬಹಳ ಮೊದಲೇ ಮೈಲುತುತ್ತು, ಸುಣ್ಣದ ಲೆಕ್ಕ ಈ ಕಡೆಯ ತೋಟಗಳಿಗೆ ಬಂದಿತ್ತು. 1 ಕಿಲೋ ತುತ್ತು, 1 ಕಿಲೋ ಸುಣ್ಣ, ಒಟ್ಟು 100 ಲೀಟರು ನೀರು. ಇದು ಶೇಕಡಾ ಒಂದರ ದ್ರಾವಣ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕ್ರಮ ತಪ್ಪಿದರೆ ಮದ್ದು ಕೆಟ್ಟಿತು. ಪೋಷಕ ಲವಣಗಳು 'ಎ' ಮತ್ತು 'ಬಿ' ಎಂದು ಎರಡು ಡಬ್ಬಗಳಲ್ಲಿ ಬರುವುದೂ ಇಂಥದೇ ಕಾರಣಕ್ಕೆ. ಸುಣ್ಣದಂಶದ ಲವಣ ಒಂದರಲ್ಲಿ, ಗಂಧಕ ರಂಜಕಗಳ ಲವಣ ಇನ್ನೊಂದರಲ್ಲಿ. ಗಟ್ಟಿ ರೂಪದಲ್ಲಿಯೇ ಬೆರೆಸಿದರೆ ಬಿಳಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ, ಗಿಡಕ್ಕೆ ದಕ್ಕುವುದಿಲ್ಲ.

ಪಿಪಿಎಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. 1,000 ಲೀಟರು ನೀರಿಗೆ 1 ಗ್ರಾಂ ಹಾಕಿದರೆ ಒಂದು ಪಿಪಿಎಂ. ನಮ್ಮ ಬೋರ್ಡೋ ದ್ರಾವಣದಲ್ಲಿ ತಾಮ್ರ ಸುಮಾರು 2,500 ಪಿಪಿಎಂ ಇರುತ್ತದೆ. ಹೋಗ್ಲೆಂಡ್ ಎಂಬ ವಿಜ್ಞಾನಿಯ ಹೆಸರಾಂತ ಪೋಷಕ ದ್ರಾವಣದಲ್ಲಿ ತಾಮ್ರ 0.02 ಪಿಪಿಎಂ ಮಾತ್ರ. ಆದ್ದರಿಂದ ಮದ್ದು ಕಲಸಿದ ಡ್ರಮ್ಮನ್ನು ತೊಳೆದೆವೆಂದು ಸೊಪ್ಪಿನ ನೀರಿಗೆ ಬಳಸಬೇಡಿ. ಅಂಚಿಗೆ ಅಂಟಿದ್ದ ತುತ್ತೇ ಬೇರನ್ನು ಸುಡಲು ಸಾಕು.

ಇನ್ನು ಪಿಎಚ್. ಕನ್ನಡದಲ್ಲಿ ರಸಸಾರ ಎನ್ನುತ್ತಾರೆ. ಹುಳಿಯೋ ಸುಣ್ಣದ ಗುಣವೋ ಎಂಬುದರ ಅಳತೆ ಇದು. ಇದನ್ನು 1909ರಲ್ಲಿ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸೆನ್. ಅವರು ಕೆಲಸ ಮಾಡುತ್ತಿದ್ದದ್ದು ಒಂದು ಬಿಯರ್ ಕಂಪೆನಿಯ ಪ್ರಯೋಗಶಾಲೆಯಲ್ಲಿ! 7 ಎಂದರೆ ನಡು. ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿತೆಂದು ಲೆಕ್ಕ. ಬೋರ್ಡೋ ದ್ರಾವಣಕ್ಕೆ ಹೊಳೆಯುವ ಕತ್ತಿಯನ್ನು ಅದ್ದಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತೀರಲ್ಲ, ಅದು ಹುಳಿಯ ಪರೀಕ್ಷೆಯೇ. ಆರತಿಗೆ ಕುರ್ದಿ ನೀರು ಮಾಡುವಾಗ ಅರಸಿನಕ್ಕೆ ಸುಣ್ಣ ಬಿದ್ದೊಡನೆ ಕೆಂಪಾಗುವುದೂ ಅದೇ. ಆದರೆ ಅರಸಿನಕ್ಕೆ ಕ್ಷಾರ ಮಾತ್ರ ಗೊತ್ತು, 5ಕ್ಕೂ 6ಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲ. ಮಣ್ಣಿಲ್ಲದ ಬೇಸಾಯಕ್ಕೆ ಬೇಕಾದದ್ದು 5.5ರಿಂದ 6.5ರ ಒಳಗೆ. ಮೇಲೇರಿದರೆ ನೀರಿನಲ್ಲಿ ಕಬ್ಬಿಣವಿದ್ದೂ ಗಿಡ ಹಳದಿಯಾಗುತ್ತದೆ. ಅದಕ್ಕಾಗಿ ಕಾಗದವೋ ಮೀಟರೋ ಬೇಕು.

ಇಸಿ ಎಂದರೆ ವಿದ್ಯುತ್ ವಾಹಕತೆ. ನೀರಿನಲ್ಲಿ ಲವಣ ಕರಗಿದಷ್ಟೂ ಕರೆಂಟು ಸಲೀಸಾಗಿ ಹರಿಯುತ್ತದೆ, ಆ ಹರಿವಿನಿಂದ ಲವಣವೆಷ್ಟೆಂದು ತಿಳಿಯಬಹುದು. ಸೊಪ್ಪಿಗೆ 1.2ರಿಂದ 1.8 ಸಾಕು, ಟೊಮೇಟೊಗೆ 2ರ ಮೇಲೆ ಬೇಕು. ಮೀಟರು ಹೇಳುವುದು ಒಟ್ಟು ಲವಣವನ್ನು ಮಾತ್ರ, ಯಾವ ಲವಣವೆಂದು ಅದು ಹೇಳಲಾರದು. ಬಾವಿಯ ನೀರೇ ಉಪ್ಪಾಗಿದ್ದರೂ ಅಂಕಿ ಏರುತ್ತದೆ, ಗಿಡ ಉಪವಾಸವೇ. ವರ್ಷಕ್ಕೆ 3,500 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಇನ್ನೊಂದು ಕಷ್ಟ: ಮಾಡಿಲ್ಲದೆ ಇಟ್ಟ ತೊಟ್ಟಿಯ ದ್ರಾವಣ ಒಂದು ಆಟಿಯ ಮಳೆಗೆ ಬರೀ ನೀರಾಗಿಬಿಡುತ್ತದೆ.

ಮಣ್ಣಿಲ್ಲವೆಂದ ಮೇಲೆ ಗಿಡ ನಿಲ್ಲುವುದು ಯಾವುದರಲ್ಲಿ? ಅದಕ್ಕೆ ಮಾಧ್ಯಮ ಎಂಬ ಹೆಸರು. ಈ ವಿಷಯದಲ್ಲಿ ನಮ್ಮ ದೇಶಕ್ಕೆ ಒಂದು ಪಾಲುಂಟು. 1946ರಲ್ಲಿ ಬಂಗಾಳ ಸರಕಾರದ ಕಾಲಿಂಪಾಂಗ್ ಕ್ಷೇತ್ರದಲ್ಲಿ ಶೋಲ್ಟೋ ಡಗ್ಲಾಸ್ ಎಂಬವರು ಪಂಪು, ಗಾಜಿನ ಮನೆ ಯಾವುದೂ ಇಲ್ಲದೆ, ಜಲ್ಲಿ ಮರಳಿನ ಮಡಿ ಮಾಡಿ, ಮೇಲೆ ಲವಣ ಉದುರಿಸಿ ನೀರು ಹಾಕುವ ಸುಲಭದ ಕ್ರಮ ಕಂಡುಹಿಡಿದರು. ಅದೇ ಬಂಗಾಳ ಪದ್ಧತಿ. 1951ರಲ್ಲಿ ಅದರ ಪುಸ್ತಕವೂ ಬಂತು. ನಮ್ಮಲ್ಲಿ ಜಲ್ಲಿಯ ಬದಲು ತೆಂಗಿನ ನಾರಿನ ಹುಡಿ ಸಿಗುತ್ತದೆ. ಆದರೆ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಕೊಳೆಹಾಕಿದ್ದರೆ ಹುಡಿಯಲ್ಲಿಯೂ ಉಪ್ಪಿರುತ್ತದೆ, ಸಿಹಿನೀರಿನಲ್ಲಿ ನಾಲ್ಕಾರು ಸಲ ತೊಳೆಯಿರಿ. ಮುರಕಲ್ಲಿನ ಚೂರು ಧಾರಾಳವಾಗಿ ಬಿದ್ದಿದೆ ಎಂದು ಅದನ್ನು ಹಾಕಲು ಹೋಗಬೇಡಿ, ಅದು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಕೊಡುವುದಿಲ್ಲ.

ಹೈಡ್ರೋಪೋನಿಕ್ಸ್ ಎಂಬ ಹೆಸರು ಬಂದದ್ದು 1937ರಲ್ಲಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗೆರಿಕೆ ಎಂಬವರು ತೊಟ್ಟಿಯ ನೀರಿನಲ್ಲಿ 25 ಅಡಿ ಎತ್ತರದ ಟೊಮೇಟೊ ಬಳ್ಳಿ ಬೆಳೆಸಿ ಜನರನ್ನು ಬೆರಗುಗೊಳಿಸಿದ್ದರು. ಗ್ರೀಕ್ ಭಾಷೆಯಲ್ಲಿ ಹೈಡ್ರೋ ಎಂದರೆ ನೀರು, ಪೋನೋಸ್ ಎಂದರೆ ದುಡಿಮೆ. ದುಡಿಮೆ ಎಂಬ ಮಾತು ಹೆಸರಿನಲ್ಲೇ ಇದೆ, ಅದನ್ನು ಮಾರುವವರು ಹೇಳುವುದಿಲ್ಲ! ಪತ್ರಿಕೆಗಳಲ್ಲಿ ಗದ್ದಲವೆದ್ದಾಗ ಅದೇ ವಿಶ್ವವಿದ್ಯಾಲಯದ ಹೋಗ್ಲೆಂಡ್ ಮತ್ತು ಆರ್ನನ್ ಒರೆಹಚ್ಚಿ ನೋಡಿದರು. ಒಳ್ಳೆಯ ಮಣ್ಣಿಗಿಂತ ನೀರಿನಲ್ಲಿ ತಾನಾಗಿ ಹೆಚ್ಚು ಇಳುವರಿ ಬರುವುದಿಲ್ಲವೆಂದು 1938ರಲ್ಲಿ ಬರೆದರು. ಮಣ್ಣು ಕೆಟ್ಟಲ್ಲಿ, ಮಣ್ಣೇ ಇಲ್ಲದಲ್ಲಿ ಇದರ ಬೆಲೆ ಬೇರೆ. ಪೆಸಿಫಿಕ್ ಸಾಗರದ ವೇಕ್ ದ್ವೀಪದಲ್ಲಿ ವಿಮಾನದವರಿಗೆ ತರಕಾರಿ ಒದಗಿಸಿದ್ದು ಈ ಕ್ರಮವೇ. ಫಲವತ್ತಾದ ಬೈಲು ಗದ್ದೆಯನ್ನು ಹಡಿಲು ಬಿಟ್ಟು ಪೈಪಿಗೆ ಸಾಲ ಮಾಡುವುದು ನನಗಂತೂ ಸರಿಕಾಣುವುದಿಲ್ಲ.

ಗದ್ದೆಯ ಮಾತು ಬಂದದ್ದರಿಂದ ಒಂದು ಪ್ರಶ್ನೆ. ಭತ್ತ ನೀರಿನಲ್ಲಿಯೇ ನಿಲ್ಲುತ್ತದಲ್ಲ, ಬೇರಿಗೆ ಗಾಳಿ ಯಾಕೆ ಎಂದು ನೀವು ಕೇಳಬಹುದು. ಭತ್ತದ ದಂಟಿನೊಳಗೆ ಗಾಳಿಯನ್ನು ಬೇರಿಗೆ ಇಳಿಸುವ ಕೊಳವೆಗಳಿವೆ, ಟೊಮೇಟೊಗೆ ಅಷ್ಟು ಸೌಕರ್ಯವಿಲ್ಲ. ಕಣಿ ತುಂಬಿ ನೀರು ನಿಂತ ತೋಟದಲ್ಲಿ ಅಡಿಕೆ ಹಳದಿಯಾಗುವುದನ್ನು ನೋಡಿದ್ದೀರಷ್ಟೆ. ಆದ್ದರಿಂದಲೇ ತೊಟ್ಟಿಯ ನೀರಿಗೆ ಗಾಳಿ ಊದುವುದು, ಸಮುದ್ರದ ಭರತ ಇಳಿತದಂತೆ ನೀರು ಏರಿಸಿ ಇಳಿಸುವುದು, ದೀಪದ ಬತ್ತಿಯಂತೆ ಬಟ್ಟೆಯಿಂದ ಹೀರಿಸುವುದು ಎಂಬ ಕ್ರಮಗಳೆಲ್ಲ ಹುಟ್ಟಿದವು. ಬೇರನ್ನು ಗಾಳಿಯಲ್ಲಿ ತೂಗಬಿಟ್ಟು ಮಂಜಿನಂತೆ ದ್ರಾವಣ ಚಿಮುಕಿಸುವುದು ಏರೋಪೋನಿಕ್ಸ್. ಘಟ್ಟದ ಬುಡದ ಮರಗಳ ಮೇಲೆ ಸೀತಾಳೆ ದಂಡೆ ಮಳೆಗಾಲದಲ್ಲಿ ಬದುಕುವುದು ಹೆಚ್ಚುಕಡಿಮೆ ಹಾಗೆಯೇ.

ಪೈಪಿನ ಕ್ರಮಕ್ಕೆ ಎನ್‌ಎಫ್‌ಟಿ ಎಂದು ಹೆಸರು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಅಲೆನ್ ಕೂಪರ್ ರೂಪಿಸಿದ್ದು. ಓರೆಯಾಗಿಟ್ಟ ಕಾಲುವೆಯಲ್ಲಿ ಕಾಗದದಷ್ಟು ತೆಳುವಾಗಿ ದ್ರಾವಣ ಹರಿಯುತ್ತಿರುತ್ತದೆ, ಬೇರಿಗೆ ನೀರೂ ಗಾಳಿಯೂ ಸಿಗುತ್ತದೆ. ನೋಡಲು ಚೆಂದ, ನೀರಿನ ಖರ್ಚೂ ಕಡಿಮೆ. ಆದರೆ ಪಂಪು ನಿಂತರೆ ಬಿಸಿಲಿನಲ್ಲಿ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತದೆ, ಯಾಕೆಂದರೆ ಅಲ್ಲಿ ಕೂಡಿಟ್ಟ ನೀರೇ ಇಲ್ಲ. ಗಾಳಿಮಳೆಗೆ ಕಂಬ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದ ಮನೆಗಳು ಬೆಳ್ತಂಗಡಿಯ ಮಲೆಯ ಬುಡದಲ್ಲಿ ಎಷ್ಟಿಲ್ಲ? ಅಂಥವರು ನಾರಿನ ಹುಡಿ ತುಂಬಿದ ಎರಡು ಬಕೆಟಿನಲ್ಲಿ ಹರಿವೆಯನ್ನೋ ಬಸಳೆಯನ್ನೋ ಹಾಕಿ ನೋಡಲಿ. ಅದು ಎರಡು ದಿನದ ನೀರನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಅದಕ್ಕೂ ಮೊದಲು ನಿಮ್ಮ ಬಾವಿಯ ನೀರನ್ನು ಒಂದು ಬಾಟ್ಲಿಯಲ್ಲಿ ತುಂಬಿಸಿ, ಏನೂ ಬೆರೆಸದೆ, ಅದರ ಪಿಎಚ್ ಎಷ್ಟು, ಇಸಿ ಎಷ್ಟು ಎಂದು ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳಿ.