ಹಳೇ ಅಂಬಾಸಿಡರ್ ಹೆಡ್‌ಲೈಟ್ ಯಾಕೆ ಮಂಕಾಗುತ್ತಿತ್ತು?

ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ತಾಲೂಕು ಆಸ್ಪತ್ರೆಗೆ ಓಡಲು ಒಂದು ಕಾಲದಲ್ಲಿ ನಮ್ಮ ಹಳ್ಳಿಗಳಿಗೆ ಇದ್ದದ್ದು ಅಂಬಾಸಿಡರ್ ಬಾಡಿಗೆ ಕಾರು. ಇಂಜಿನ್ ಕೈಕೊಟ್ಟರೆ ಕಾರು ನಿಲ್ಲುತ್ತದೆ, ಅಷ್ಟೆ. ಓಡುವಾಗಲೇ ತಿರುವಿನಲ್ಲಿ ಹೆಡ್‌ಲೈಟ್ ಆರಿದರೆ ಜೀವಕ್ಕೇ ಕುತ್ತು. ದೀಪ ಮಂಕಾದಾಗ ನಾವು ಬಲ್ಬನ್ನು ಬೈಯುತ್ತೇವೆ, ಕಂಪನಿಯನ್ನು ಬೈಯುತ್ತೇವೆ. ಆದರೆ ಬಹಳಷ್ಟು ಸಲ ತಪ್ಪು ಇದ್ದದ್ದು ಕರೆಂಟ್ ಹೋಗಿ ಬರುವ ದಾರಿಯಲ್ಲಿ.

ಕಾರ್ಬೈಡ್‌ನಿಂದ ಡೈನಮೋಗೆ

ಮೊದಮೊದಲ ಕಾರುಗಳಲ್ಲಿ ಕರೆಂಟ್ ದೀಪವೇ ಇರಲಿಲ್ಲ. ಕಾರ್ಬೈಡ್ ಮೇಲೆ ನೀರು ತೊಟ್ಟಿಕ್ಕಿಸಿ, ಬರುವ ಗ್ಯಾಸ್‌ಗೆ ಕಡ್ಡಿ ಗೀರಿ ಹಚ್ಚಬೇಕಿತ್ತು. ಅಮೆರಿಕದ ಫೋರ್ಡ್ ಮಾಡೆಲ್ ಟಿ ಕಾರಿಗೆ 1915ರಲ್ಲಿ ಕರೆಂಟ್ ಹೆಡ್‌ಲೈಟ್ ಬಂತು. ಅದಕ್ಕೆ ಕರೆಂಟ್ ಬರುತ್ತಿದ್ದದ್ದು ಇಂಜಿನ್ನಿನ ಮ್ಯಾಗ್ನೆಟೋದಿಂದ. ಕಾರು ಜೋರಾಗಿ ಓಡಿದರೆ ಬೆಳಕು ಜೋರು, ನಿಧಾನವಾದರೆ ಬೆಳಕೂ ಮಂಕು.

ಮುಂದೆ ಬ್ಯಾಟರಿ, ಡೈನಮೋ ಬಂದರೂ ಈ ಕಾಟ ಪೂರ್ತಿ ಹೋಗಲಿಲ್ಲ. ಇಂಜಿನ್ ನಿಧಾನ ತಿರುಗುವಾಗ ಡೈನಮೋ ಸರಿಯಾಗಿ ಚಾರ್ಜ್ ಮಾಡುವುದಿಲ್ಲ. ಘಾಟಿಯಲ್ಲಿ ನಿಧಾನ ಹತ್ತುವಾಗ, ಗೇಟ್ ಬಳಿ ಕಾಯುವಾಗ ದೀಪ ಬ್ಯಾಟರಿಯನ್ನೇ ತಿನ್ನುತ್ತಿತ್ತು. ನಿಧಾನ ವೇಗದಲ್ಲೂ ಚಾರ್ಜ್ ಮಾಡುವ ಆಲ್ಟರ್ನೇಟರ್ 1960ರಲ್ಲಿ ಅಮೆರಿಕದ ವೇಲಿಯಂಟ್ ಕಾರಿನಲ್ಲಿ ಬಂತು. ನಮ್ಮ ಕಾರುಗಳಿಗೆ ಅದು ಬರಲು ಇನ್ನೂ ವರ್ಷಗಳೇ ಹಿಡಿದವು.

ಕತ್ತಲೆಯ ರಾಜಕುಮಾರ

ಅಂಬಾಸಿಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರು. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ ತಯಾರಾಯಿತು. ಆ ಕಾಲದ ಬ್ರಿಟಿಷ್ ಕಾರುಗಳ ಡೈನಮೋ, ಸ್ವಿಚ್, ದೀಪಗಳಲ್ಲಿ ಹೆಚ್ಚಿನವು ಬರ್ಮಿಂಗ್‌ಹ್ಯಾಮ್‌ನ ಲೂಕಾಸ್ ಕಂಪನಿಯವು. ಸೀಮೆಎಣ್ಣೆ, ದೀಪ ಮಾರುತ್ತಿದ್ದ ಜೋಸೆಫ್ ಲೂಕಾಸ್ ಕಟ್ಟಿದ ಕಂಪನಿ ಅದು. ದೀಪ ಆರಿ ಬೇಸತ್ತವರು ಅವರಿಗೆ ‘ಕತ್ತಲೆಯ ರಾಜಕುಮಾರ’ ಎಂದು ಅಡ್ಡಹೆಸರಿಟ್ಟರು. ಇದೇ ಲೂಕಾಸ್ 1961ರಲ್ಲಿ ಟಿವಿಎಸ್ ಜೊತೆ ಸೇರಿ ಮದ್ರಾಸಿನಲ್ಲೂ ಕಂಪನಿ ತೆರೆಯಿತು.

ತಮಾಷೆ ಇರಲಿ, ಆ ಕಾಲದ ವೈರಿಂಗನ್ನು ಸ್ವಲ್ಪ ನೋಡೋಣ. ಹೆಡ್‌ಲೈಟಿನ ಪೂರ್ತಿ ಕರೆಂಟ್ ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನೊಳಗೆ ಹಾದು ಹೋಗುತ್ತಿತ್ತು. ಅಲ್ಲಿಂದ ಕಾಲಿನಿಂದ ಒತ್ತುವ ಡಿಪ್ಪರ್ ಸ್ವಿಚ್ಚಿಗೆ. ಅದು ಇದ್ದದ್ದು ಕಾರಿನ ನೆಲದಲ್ಲಿ. ಮಳೆಗಾಲದಲ್ಲಿ ಚಪ್ಪಲಿಯ ಕೆಸರು, ನೀರು ಎಲ್ಲ ಅದರ ಮೇಲೆಯೇ. ಬಲ್ಬಿನಿಂದ ವಾಪಸ್ ಬರುವ ದಾರಿ ಕಾರಿನ ಬಾಡಿ, ಅಂದರೆ ಅರ್ತ್. ಬಾಡಿಗೆ ತುಕ್ಕು ಹಿಡಿದರೆ ಆ ದಾರಿಯೂ ಕಟ್.

ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ಪಂಪ್‌ಸೆಟ್ ಲೋ ವೋಲ್ಟೇಜಿನಲ್ಲಿ ಹೇಗೆ ಒದ್ದಾಡುತ್ತದೋ ಹಳೇ ಕಾರಿನ ಬಲ್ಬಿನ ಪಾಡೂ ಹಾಗೆಯೇ. ಅದರಲ್ಲೂ ಇಂಥ ಬಲ್ಬಿಗೆ ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ನೂರಕ್ಕೆ ಸುಮಾರು 30ರಷ್ಟು ಇಳಿಯುತ್ತದೆ.

ದೊಡ್ಡ ಬಲ್ಬಿನ ಆಸೆ

ಬೆಳಕು ಸಾಲದು ಎಂದಾಗ ನಮ್ಮವರು ಹುಡುಕಿದ ದಾರಿ ದೊಡ್ಡ ಬಲ್ಬು. ಹ್ಯಾಲೊಜೆನ್ ಬಲ್ಬು 1962ರಲ್ಲಿ ಯುರೋಪಿನ ಕಾರುಗಳಿಗೆ ಬಂತು, ಆಮೇಲೆ ನಮ್ಮ ಅಂಗಡಿಗಳಿಗೂ ಬಂತು. ಹಳೆಯ ಸಾದಾ ಬಲ್ಬು ಸಾಮಾನ್ಯವಾಗಿ 45 ವಾಟ್. ಎರಡಕ್ಕೆ 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಸಾಕು. 100 ವಾಟಿನ ಎರಡು ಬಲ್ಬು ಹಾಕಿದರೆ ಸುಮಾರು 17 ಆಂಪಿಯರ್. ವೈರ್ ಅದೇ, ಸ್ವಿಚ್ ಅದೇ, ಹೊರೆ ಎರಡು ಪಟ್ಟಿಗೂ ಹೆಚ್ಚು.

ಸ್ವಿಚ್ ಕಾದು ಕರಗುತ್ತದೆ, ವೈರಿನ ಮೇಲಿನ ಪ್ಲಾಸ್ಟಿಕ್ ಸುಡುತ್ತದೆ. ಆ ಕಾಲದ ಎಷ್ಟೋ ಬ್ರಿಟಿಷ್ ಕಾರುಗಳಲ್ಲಿ ಇಡೀ ಗಾಡಿಗೆ ಇದ್ದದ್ದು ಎರಡೇ ಫ್ಯೂಸ್. ಹೆಡ್‌ಲೈಟಿನ ವೈರಿಗೆ ಫ್ಯೂಸೇ ಇರಲಿಲ್ಲ. ಇದ್ದ ಫ್ಯೂಸ್ ಹೋದರೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಗಾಡಿ ಓಡಿಸುವವರೂ ಇದ್ದರು. ಬೆಂಕಿಗೆ ಇದಕ್ಕಿಂತ ಆಹ್ವಾನ ಬೇಕೆ?

ಈಗಲೂ ಹಳೇ ಗಾಡಿ ಇಟ್ಟುಕೊಂಡವರಿಗೆ

ಹಳೇ ಕಾರು, ಜೀಪು ಇನ್ನೂ ನಮ್ಮ ಊರುಗಳಲ್ಲಿ ಓಡುತ್ತಿವೆ. ದೀಪ ಮಂಕಾದರೆ ಮೊದಲು ಬಲ್ಬ್ ಬದಲಿಸಬೇಡಿ. ಅರ್ತ್ ವೈರ್ ಕೂರುವ ಜಾಗದ ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ. ಆಮೇಲೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೆಡ್‌ಲೈಟಿಗೆ ರಿಲೇ, ಜೊತೆಗೆ ಫ್ಯೂಸ್ ಹಾಕಿಸಿ. ರಿಲೇ ಇದ್ದರೆ ದೊಡ್ಡ ಕರೆಂಟ್ ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬಲ್ಬಿಗೆ ಹೋಗುತ್ತದೆ. ಸ್ವಿಚ್ಚಿನ ಕೆಲಸ ರಿಲೇ ಎಬ್ಬಿಸುವುದಷ್ಟೇ. ಎಷ್ಟೋ ಸಲ ಇದರಿಂದ ಅದೇ ಹಳೇ ಬಲ್ಬು ಎದ್ದು ಕಾಣುವಷ್ಟು ಚೆನ್ನಾಗಿ ಉರಿಯುತ್ತದೆ, ಎದುರಿಗೆ ಬರುವವನ ಕಣ್ಣಿಗೂ ಕುಕ್ಕುವುದಿಲ್ಲ.